ಐದನೇ ಮಹಡಿಯ ಸಭೆ

ಯೂನಿಯನ್ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ನನಗೆ ಮೈ ಉರಿಯುತ್ತಿತ್ತು. ಮಂಗಳೂರಿನ ಹೊಳೆ ಬದಿಯ ಹಂಚಿನ ಕಾರ್ಖಾನೆಯಲ್ಲಿ ನನ್ನ ಅಪ್ಪ ಮಣ್ಣು ಹೊರುವುದರಿಂದ ಶುರು ಮಾಡಿ ಭಟ್ಟಿಯ ಕೆಲಸದವರೆಗೆ ಬಂದವರು. ನಾನು ಶಾಲೆಗೆ ಹೋಗುತ್ತಿದ್ದಾಗ ಅಲ್ಲಿ ಮುಷ್ಕರವಾಯಿತು, ಮುಷ್ಕರ ಮುರಿದುಬಿತ್ತು, ಆಮೇಲೆ ಕಾರ್ಖಾನೆಯೇ ಮುಚ್ಚಿತು. ಯಾರಿಂದ ಮುಚ್ಚಿತು ಎಂದು ಊರಿನಲ್ಲಿ ಹತ್ತು ಜನ ಹತ್ತು ಮಾತು ಆಡಿದರು. ಅಪ್ಪ ಒಂದನ್ನೂ ಆಡಲಿಲ್ಲ. ಅಮ್ಮ ಬೀಡಿ ಕಟ್ಟಿ ಮನೆ ನಡೆಸಿದಳು, ಕಟ್ಟುತ್ತಾ ಕಟ್ಟುತ್ತಾ ಯೂನಿಯನ್ನಿನವರಿಗೆ ಬೈದಳು. ಮದುವೆಯಾಗಿ ಅಮೆರಿಕದ ಜರ್ಸಿ ಸಿಟಿಗೆ ಬರುವಾಗ ಆ ಸಿಟ್ಟನ್ನೂ ನಾನು ಉಪ್ಪಿನಕಾಯಿ ಭರಣಿಯ ಜೊತೆಗೆ ಕಟ್ಟಿಕೊಂಡು ಬಂದೆ.

ನಾವಿರುವುದು ಹಳೆಯ ಇಟ್ಟಿಗೆಯ ಕಟ್ಟಡ. ನದಿ ದಂಡೆಯ ಗಾಜಿನ ಟವರುಗಳು ನಮ್ಮ ಅಡುಗೆಮನೆಯ ಕಿಟಕಿಯಿಂದ ಕಾಣುತ್ತವೆ, ಅವುಗಳ ಬಾಡಿಗೆ ಮಾತ್ರ ನಮಗೆ ಕಟ್ಟಲಿಕ್ಕಿಲ್ಲ, ಅದೇ ಪುಣ್ಯ. ಮನೆ ಐದನೇ ಮಹಡಿಯಲ್ಲಿ. ನನ್ನ ಗಂಡ ವುಡ್‌ಬ್ರಿಡ್ಜ್ ಕಡೆಯ ಹೋಟೆಲೊಂದರ ಅಡುಗೆಮನೆ ನೋಡಿಕೊಳ್ಳುತ್ತಿದ್ದವರು. ಬೆಳಕು ಹರಿಯುವ ಮೊದಲು ಮನೆ ಬಿಟ್ಟು, ದಿನವಿಡೀ ನಿಂತು, ಎಲ್ಲರ ಮೇಲೂ ರೇಗಿ, ಎಲ್ಲರಿಗೂ ಬಡಿಸಿ ಬರುವ ಮನುಷ್ಯ. ಒಂದು ವಸಂತದಲ್ಲಿ ಅವರಿಗೆ ಸ್ಟ್ರೋಕ್ ಆಯಿತು. ಬಲಗೈ ಸೋತಿತು, ಬಲಗಾಲು ಎಳೆಯತೊಡಗಿತು. ಮಾತು ಚೆಲ್ಲಾಪಿಲ್ಲಿಯಾಯಿತು. ಇಂಗ್ಲಿಷ್ ಪೂರ್ತಿ ಹೋಯಿತು, ಮನೆಮಾತು ಕೊಂಕಣಿ ಮತ್ತು ಊರಿನ ಕನ್ನಡ ಅಲ್ಲೊಂದು ಇಲ್ಲೊಂದು ಉಳಿಯಿತು.

ಥೆರಪಿಗೆ ಬರುತ್ತಿದ್ದ ಹುಡುಗಿ ಹೇಳಿದ್ದು ಸುಲಭದ್ದೇ: ದಿನವೂ ಹೊರಗೆ ನಡೆಸಿ, ನಾಲ್ಕು ಜನರ ನಡುವೆ ಕೂರಿಸಿ, ಮಾತು ತಾನಾಗಿ ಬರುತ್ತದೆ. ನಾನು ಶಾಲೆಯೊಂದರ ಕೆಫೆಟೀರಿಯಾದಲ್ಲಿ ಕೆಲಸ ಮುಗಿಸಿ ಬಂದು, ಅವರನ್ನು ಲಿಫ್ಟಿನಲ್ಲಿ ಇಳಿಸಿ, ಮೂಲೆಯ ಪಾರ್ಕಿಗೆ ಕರೆದುಕೊಂಡು ಹೋಗುತ್ತಿದ್ದೆ. ಬೇಸಿಗೆ ಪೂರ್ತಿ ಹಾಗೆ ನಡೆಯಿತು. ನಾಯಿ ಹಿಡಿದುಕೊಂಡು ಬರುವವರಿಗೆಲ್ಲ ಅವರು ಕೈಯೆತ್ತುವಷ್ಟು ಸುಧಾರಿಸಿದ್ದರು. ಎಲೆ ಕೆಂಪಾಗುವ ಹೊತ್ತಿಗೆ ಲಿಫ್ಟ್ ಕೆಟ್ಟಿತು.

ಕೆಟ್ಟ ಲಿಫ್ಟಿಗೆ ನಮ್ಮವರು ಮಾಡುವ ಕೆಲಸ ಒಂದೇ, ಗುಟ್ಟಾಗಿ ಫೋನು ಮಾಡುವುದು. ಕಟ್ಟಡದ ಮ್ಯಾನೇಜರ್ ದಾವಣಗೆರೆ ಕಡೆಯವನು, ಇನ್ನೂ ನಲವತ್ತು ದಾಟದವನು, ನಗುಮುಖದವನು. ಕಟ್ಟಡದಲ್ಲಿ ಅರ್ಧದಷ್ಟು ನಾವು ಭಾರತದವರೇ. ಪ್ರತಿಯೊಬ್ಬರೂ ಇನ್ನೊಬ್ಬರಿಗೆ ಹೇಳದೆ ಅವನಿಗೆ ಫೋನು ಮಾಡಿದೆವು. "ಆಂಟಿ, ಪಾರ್ಟ್ ಆರ್ಡರ್ ಮಾಡಿದೀನಿ. ನಿಮಗೋಸ್ಕರ ನಾನೇ ಪರ್ಸನಲ್ ಆಗಿ ಫಾಲೋ ಅಪ್ ಮಾಡ್ತಿದೀನಿ" ಎಂದು ನನಗೆ ಹೇಳಿದ. ನನಗೆ ಹೆಮ್ಮೆಯಾಯಿತು. ಮೂರನೇ ಮಹಡಿಯಲ್ಲಿ ಬೆಂಗಳೂರಿನ ಮುಸ್ಲಿಂ ಕುಟುಂಬವಿದೆ. ಆ ಮನೆಯಾಕೆ ಮಕ್ಕಳ ಸ್ಟ್ರೋಲರನ್ನು ಮೆಟ್ಟಿಲ ಮೇಲೆ ಎತ್ತಿ ಎತ್ತಿ ಸೊಂಟ ಹಿಡಿಸಿಕೊಂಡಿದ್ದಳು. ಒಂದು ದಿನ ಮೆಟ್ಟಿಲಲ್ಲಿ ಸಿಕ್ಕವಳು, "ಯಾರಿಗೂ ಹೇಳ್ಬೇಡಿ ಆಂಟಿ, ನನಗೋಸ್ಕರ ಅಂತ ಅವ್ರೇ ಫಾಲೋ ಅಪ್ ಮಾಡ್ತಿದಾರೆ" ಎಂದಳು. ಆಗ ನನಗೆ ಬುದ್ಧಿ ಬಂತು.

ಇತ್ತ ನನ್ನ ಗಂಡ ಕಿಟಕಿಯ ಬದಿಯ ಕುರ್ಚಿ ಹಿಡಿದರು. ಮೊದಮೊದಲು ಹೊರಗೆ ಹೋಗುವ ಹೊತ್ತಿಗೆ ಶೂ ಕಡೆ ಕೈ ತೋರಿಸುತ್ತಿದ್ದರು. ಕ್ರಮೇಣ ತೋರಿಸುವುದನ್ನು ಬಿಟ್ಟರು. ಇದ್ದ ಮಾತುಗಳೂ ಒಂದೊಂದಾಗಿ ಒಳಗೆ ಹೋಗತೊಡಗಿದವು. ನನಗೆ ಭಯ ಹುಟ್ಟಿದ್ದು ಆಗ. ಕಾಲು ಹೋದರೆ ಹೋಗಲಿ, ಈ ಮನುಷ್ಯ ಮಾತು ಬಿಟ್ಟರೆ ನಾನು ಯಾರ ಜೊತೆ ಜಗಳವಾಡುವುದು? ಆ ಭಯದಲ್ಲಿ ನಾನು ಅಡುಗೆಮನೆಯಲ್ಲಿ ನಿಂತು ಅತ್ತಿದ್ದೇನೆ.

ಆ ಸಮಯಕ್ಕೆ ನಮ್ಮ ಮನೆಗೆ ಬರತೊಡಗಿದವರು ಎರಡನೇ ಮಹಡಿಯ ಹಿರಿಯರು. ಮೂರನೇ ಮಹಡಿಯ ಮಕ್ಕಳು ಅವರನ್ನು ಇಟಲಿ ಅಜ್ಜ ಎನ್ನುತ್ತಿದ್ದವು, ನಮಗೂ ಅದೇ ರೂಢಿಯಾಯಿತು. ಹೆಂಡತಿ ತೀರಿಹೋದ ಮೇಲೆ ಮಗಳ ಜೊತೆ ಇರಲೆಂದು ಬಂದವರು. ಎಂಬತ್ತು ದಾಟಿದ, ಅಗಲ ಹೆಗಲಿನ ಮನುಷ್ಯ. ಹಿಂದೆ ಲಿಫ್ಟಿನಲ್ಲಿ ಮೊದಲ ಸಲ ಎದುರಾದಾಗ ಅವರು ಕೈಜೋಡಿಸಿ, ಗಟ್ಟಿಯಾಗಿ, ನಮಗೆ ಸತ್ ಶ್ರೀ ಅಕಾಲ್ ಎಂದಿದ್ದರು. ಕೊರಳಲ್ಲಿ ಶಿಲುಬೆ ಹಾಕಿದ ನನಗೆ ನಗು ತಡೆಯಲಾಗಲಿಲ್ಲ. ಅವರ ಊರಿನ ಸುತ್ತ ಹಾಲಿನ ಹಟ್ಟಿಗಳಲ್ಲಿ ಕೆಲಸ ಮಾಡುವವರೆಲ್ಲ ಪಂಜಾಬಿನವರಂತೆ, ಹಾಗಾಗಿ ಭಾರತದವರೆಲ್ಲ ಹೀಗೇ ನಮಸ್ಕಾರ ಮಾಡುವುದೆಂದು ತಿಳಿದಿದ್ದರು.

ಈಗ ಅವರು ದಿನಾ ಬೆಳಿಗ್ಗೆ, ನಾನು ಕೆಲಸಕ್ಕೆ ಹೊರಡುವ ಹೊತ್ತಿಗೆ, ಮಹಡಿ ಮಹಡಿಗೆ ನಿಂತು ಉಸಿರು ಎಳೆದುಕೊಳ್ಳುತ್ತಾ ಹತ್ತಿ ಬರುತ್ತಿದ್ದರು. ಜೇಬಿನಲ್ಲಿ ಒಂದು ಕಟ್ಟು ಇಸ್ಪೀಟು. ನನ್ನ ಗಂಡನಿಗೆ ಮಾತು ಬಾರದು, ಅವರಿಗೆ ಬರುವ ಇಂಗ್ಲಿಷ್ ಅರ್ಧ ಇಟಾಲಿಯನ್. ಆಟಕ್ಕೆ ಅಷ್ಟು ಸಾಕಾಗಿತ್ತು. ನಾನು ವಾಪಸು ಬಂದಾಗ ಅಜ್ಜ ಚಹಾ ಕುಡಿಯಲು ಉಳಿಯುತ್ತಿದ್ದರು. ಅವರ ಬದುಕಿನ ಕಥೆಯೆಲ್ಲ ನನಗೆ ತಿಳಿದದ್ದು ಆ ಚಹಾದ ಹೊತ್ತಿನಲ್ಲಿ, ತುಂಡು ತುಂಡಾಗಿ.

ಅವರೂ ಟೈಲ್ಸ್ ಕಾರ್ಖಾನೆಯವರು ಎಂದು ತಿಳಿದ ದಿನ ನಾನು ಚಹಾ ಸೋಸುವುದನ್ನೇ ಮರೆತೆ. ನಮ್ಮದು ಮಾಡಿಗೆ ಹಾಕುವ ಹಂಚು, ಅವರದ್ದು ನೆಲಕ್ಕೆ ಹಾಸುವುದು. ಮಣ್ಣು ಅದೇ, ಭಟ್ಟಿಯ ಸೆಕೆ ಅದೇ. ಮೀಸೆ ಬರುವ ಮೊದಲೇ ಕೆಲಸಕ್ಕೆ ಸೇರಿದವರು. ಟೈಲ್ಸಿಗೆ ಹೊಳಪು ಬಳಿಯುವ ಕಡೆ ಹೆಂಗಸರು ಇದ್ದರು, ಹೊಳಪಿಗೆ ಬಳಸುವ ಪುಡಿಯ ಧೂಳು ಕುಡಿದು ಅವರಿಗೆ ಕಾಯಿಲೆ ಬರುತ್ತಿತ್ತು. ಆ ಬಗ್ಗೆ ಮಾತೆತ್ತಿದ ಅಜ್ಜನನ್ನು ಜೊತೆಯವರು ಯೂನಿಯನ್ನಿನ ಪ್ರತಿನಿಧಿ ಮಾಡಿದರು. ಅಲ್ಲಿಂದ ಇಡೀ ಊರಿನ ಯೂನಿಯನ್ನಿಗೆ ಕಾರ್ಯದರ್ಶಿ. ಅಲ್ಲಿಂದ ಸಮಾಜವಾದಿ ಪಕ್ಷದವರು ಚುನಾವಣೆಗೆ ನಿಲ್ಲಿಸಿದರು. ಗೆದ್ದರು, ಟೈ ಕಟ್ಟಲು ಕಲಿತು ರೋಮಿಗೆ, ಪಾರ್ಲಿಮೆಂಟಿಗೆ ಹೋದರು.

"ಯೂನಿಯನ್ನಿನವರೋ ನೀವು?" ಎಂದೆ. ಮುಖ ಮುಚ್ಚಿಡುವ ಅಭ್ಯಾಸ ನನಗಿಲ್ಲ. ಅಪ್ಪನ ಕಥೆಯನ್ನು ಒಂದೇ ಉಸಿರಿಗೆ ಹೇಳಿ, ನಿಮ್ಮಂಥವರು ಬಡವರ ಬಾಯಿಗೆ ಮಣ್ಣು ಹಾಕಿದಿರಿ ಎಂದುಬಿಟ್ಟೆ.

ಅವರು ಸಿಟ್ಟಾಗಲಿಲ್ಲ. "ಸಭೆಗಳಲ್ಲಿ ನಿಮ್ಮ ಅಪ್ಪ ಏನು ಹೇಳುತ್ತಿದ್ದರು, ಸಿನ್ಯೋರಾ?" ಎಂದು, ಅವರ ಕಡೆ ಹೆಂಗಸರನ್ನು ಮರ್ಯಾದೆಯಿಂದ ಕರೆಯುವ ಹಾಗೆ, ಕೇಳಿದರು.

"ಏನೂ ಇಲ್ಲ. ನನ್ನ ಅಪ್ಪ ಮಾತಾಡುವವರಲ್ಲ."

"ಅವರನ್ನು ಯಾರಾದರೂ ಕೇಳಿದ್ದರೇ?"

ನಾನು ಲೋಟ ಎತ್ತಿಕೊಂಡು ಒಳಗೆ ಹೋದೆ. ಅಷ್ಟು ಕೋಪ ಬಂದಿತ್ತು.

ಆದರೂ ಮರುದಿನ ಅವರು ಬಂದರು, ನಾನೂ ಚಹಾ ಮಾಡಿದೆ. ಬಾಡಿಗೆದಾರರೆಲ್ಲ ಒಂದು ಕಡೆ ಸೇರೋಣ, ಮ್ಯಾನೇಜರನನ್ನು ಕರೆಸೋಣ ಎಂದು ಶುರು ಮಾಡಿದ್ದೂ ಅವರೇ. ಅವರ ಪಾಠ ಚಿಕ್ಕದು. ಒಬ್ಬೊಬ್ಬರೇ ಹೋಗಬಾರದು. ಯಾವತ್ತೂ ಕಡಿಮೆ ಮಾತಾಡುವವನು ಸಭೆಯಲ್ಲಿ ಮೊದಲು ಮಾತಾಡಬೇಕು. ಕೆಲಸ ಆಗುವ ಮೊದಲು ಥ್ಯಾಂಕ್ಸ್ ಹೇಳಬಾರದು. ಮೂರಕ್ಕೂ ನಾವು ತಲೆಯಾಡಿಸಿದೆವು. ನಮಗೆ ತಲೆಯಾಡಿಸುವುದನ್ನು ಯಾರೂ ಹೇಳಿಕೊಡಬೇಕಿಲ್ಲ.

ಸಭೆ ನಿಗದಿಯಾದದ್ದು ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಮೆಷಿನ್‌ಗಳ ಕೋಣೆಯಲ್ಲಿ. ಭಾನುವಾರ ನಾನೂ ಮೂರನೇ ಮಹಡಿಯವಳೂ ಬೇಗ ಇಳಿದೆವು. ಮೇಜು ಬೋಳಾಗಿ ಕಂಡಿತು, ಅವಳು ಮನೆಯಿಂದ ಒಂದು ಕಸೂತಿಯ ಬಟ್ಟೆ ತಂದು ಹಾಸಿದಳು. ಬಟ್ಟೆ ಹಾಸಿದ ಮೇಲೆ ಹೂವಿಲ್ಲದಿದ್ದರೆ ಹೇಗೆ? ಹೂವು ತಂದೆವು. ಹೂವು ಇಟ್ಟ ಮೇಲೆ, "ಆಂಟಿ, ಮ್ಯಾನೇಜರನ್ನ ಬರಿಗೈಲಿ ಹೇಗೆ ಕೂರಿಸೋದು? ಒಂದು ಶಾಲಾದ್ರೂ ಹೊದಿಸೋಣ" ಎಂದಳು. ನನಗೂ ಸರಿ ಅನಿಸಿತು. ಪೆಟ್ಟಿಗೆಯಲ್ಲಿ ಜರಿ ಅಂಚಿನ ಹೊಸ ಶಾಲು ಇತ್ತು, ಓಡಿ ತಂದೆ. ಯಾರೋ ಹಣ್ಣಿನ ಬುಟ್ಟಿ ತಂದರು. ಮಾನ್ಮತ್ ಜಂಕ್ಷನ್ ಎಂಬ ಊರಿನ ಕನ್ನಡದ ಕಾರ್ಯಕ್ರಮಗಳಲ್ಲಿ ನಿರೂಪಣೆ ಮಾಡಿ ಅಭ್ಯಾಸವಿದ್ದ ನಾಲ್ಕನೇ ಮಹಡಿಯ ಅಂಕಲ್ ಸ್ವಾಗತ ಭಾಷಣಕ್ಕೆ ಎದ್ದು ನಿಂತರು. ತಮ್ಮ ಬಿಡುವಿಲ್ಲದ ಕೆಲಸಗಳ ನಡುವೆಯೂ ನಮ್ಮ ಕರೆಗೆ ಓಗೊಟ್ಟು ದಯಮಾಡಿಸಿದ ಸನ್ಮಾನ್ಯ ಮ್ಯಾನೇಜರ್ ಅವರಿಗೆ ಎಂದು ಅವರು ಹೇಳುವಾಗ ಹಿಂದೆ ಡ್ರೈಯರ್ ಗಡಗಡ ತಿರುಗುತ್ತಿತ್ತು. ನಾವು ಚಪ್ಪಾಳೆ ತಟ್ಟಿದೆವು. ಮ್ಯಾನೇಜರನ ಕಣ್ಣು ಒದ್ದೆಯಾಯಿತು. ಅಮೆರಿಕಕ್ಕೆ ಬಂದ ಮೇಲೆ ತನಗೆ ಯಾರೂ ಇಷ್ಟು ಮರ್ಯಾದೆ ಕೊಟ್ಟಿಲ್ಲ ಎಂದ. ಫೋಟೋ ತೆಗೆದದ್ದಾಯಿತು.

ಆಮೇಲೆ ಲಿಫ್ಟಿನ ಮಾತು ಎತ್ತುವವರು ಯಾರು? ಈಗಷ್ಟೇ ಶಾಲು ಹೊದಿಸಿ ಹೊಗಳಿದ ಮನುಷ್ಯನನ್ನು ಅದೇ ಬಾಯಿಂದ ದೂರುವುದು ಹೇಗೆ? ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಅವನು ಹಣ್ಣಿನ ಬುಟ್ಟಿ ಎತ್ತಿಕೊಂಡು, ನಿಮ್ಮ ಪ್ರೀತಿ ದೊಡ್ಡದು ಎಂದು ಹೇಳಿ ಹೊರಟುಹೋದ. ಲಿಫ್ಟ್ ಹಾಗೇ ಇತ್ತು.

ಅಜ್ಜ ಮೂಲೆಯ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ನೋಡಿದ್ದರು. ಎಲ್ಲರೂ ಹೋದ ಮೇಲೆ ನಾನು ನಾಚಿಕೆಯಿಂದ ಮೇಜಿನ ಬಟ್ಟೆ ಮಡಚುತ್ತಿದ್ದಾಗ ಅವರಿಗೆ ನಗು ಬಂತು. ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. "ಬನ್ನಿ, ಒಂದು ವಸ್ತು ತೋರಿಸುತ್ತೇನೆ" ಎಂದು ತಮ್ಮ ಮನೆಗೆ ಕರೆದುಕೊಂಡು ಹೋದರು.

ಅದು ಒಂದು ದೊಡ್ಡ ಪಿಂಗಾಣಿ ತಟ್ಟೆ. ಅಂಚಿಗೆ ಚಿನ್ನದ ಬಣ್ಣ, ನಡುವೆ ಅವರ ಹೆಸರು. ಕಿಟಕಿಯಲ್ಲಿ ತುಳಸಿಯಂಥ ಗಿಡವೊಂದರ ಕುಂಡದ ಅಡಿಗೆ, ನೀರು ಸೋರದಿರಲೆಂದು ಇಟ್ಟಿದ್ದರು. ಅವರು ಚುನಾವಣೆ ಗೆದ್ದ ವಾರ ಕಾರ್ಖಾನೆಯ ಮಾಲೀಕರು ದೊಡ್ಡ ಊಟ ಹಾಕಿಸಿ, ನಮ್ಮ ಕಾರ್ಖಾನೆಯ ಹುಡುಗ ರೋಮಿಗೆ ಹೊರಟ ಎಂದು ಭಾಷಣ ಮಾಡಿ ಈ ತಟ್ಟೆ ಕೊಟ್ಟಿದ್ದರಂತೆ.

"ನನಗೂ ಆವತ್ತು ಅಳು ಬಂದಿತ್ತು," ಎಂದರು. "ಆಮೇಲೆ ಒಂದು ವರ್ಷ ಆ ಧೂಳಿನ ಬಗ್ಗೆ ಪಾರ್ಲಿಮೆಂಟಿನಲ್ಲಿ ಬಾಯಿ ಬಿಡಲಾಗಲಿಲ್ಲ. ಯಾರೂ ತಡೆಯಲಿಲ್ಲ, ಸಿನ್ಯೋರಾ. ತಟ್ಟೆ ನೆನಪಾಗುತ್ತಿತ್ತು, ಅಷ್ಟೇ."

ಉಳಿದ ಕಥೆಯನ್ನೂ ಅವತ್ತೇ ಹೇಳಿದರು. ರೋಮಿನಲ್ಲಿ ಅವರು ಕಳೆದುಕೊಂಡ ಮೊದಲ ವಸ್ತು ಕೇಳುವ ಅಭ್ಯಾಸವಂತೆ. ಅಲ್ಲಿ ಎಲ್ಲರೂ ಮಾತಾಡುವವರೇ. ಕಡೆಗೆ ಪಕ್ಷದ ದೊಡ್ಡವರು ಲಂಚದಲ್ಲಿ ಸಿಕ್ಕಿಬಿದ್ದರು, ಪಕ್ಷವೇ ಕುಸಿಯಿತು. ಅಜ್ಜ ಕಾಸು ಮುಟ್ಟಿದವರಲ್ಲ, ಆದರೆ ಊರಿಗೆ ವಾಪಸಾದಾಗ ಮೀನು ಮಾರುವವನು ಅವರಿಗೆ ಮೀನು ತೂಗಲು ಒಪ್ಪಲಿಲ್ಲ. ಅವನ ಅಮ್ಮ ಹೊಳಪು ಬಳಿಯುವ ಕಡೆ ದುಡಿದವಳು. ಆ ಸಂತೆಯಲ್ಲಿ ಬರಿ ಚೀಲ ಹಿಡಿದು ನಿಂತದ್ದನ್ನು ಹೇಳುವಾಗ ಮಾತ್ರ ಅಜ್ಜನ ದನಿ ಇಳಿಯಿತು. ಆಮೇಲೆ ಅವರು ಮತ್ತೆ ಚುನಾವಣೆಗೆ ನಿಲ್ಲಲಿಲ್ಲ. ಹೊರದೇಶಗಳಿಂದ ದುಡಿಯಲು ಬಂದವರಿಗೆ ಸಂಜೆ ಹೊತ್ತು ಇಟಾಲಿಯನ್ ಕಲಿಸಿದರು. ಸತ್ ಶ್ರೀ ಅಕಾಲ್ ಕಲಿತದ್ದು ಅಲ್ಲೇ.

ನನಗೆ ಅವರ ಮೇಲಿದ್ದ ಕೋಪ ಅರ್ಧ ಅಲ್ಲೇ ಇಳಿಯಿತು. ಉಳಿದರ್ಧವನ್ನು ಕೆಲಸಕ್ಕೆ ಬರಬಹುದೆಂದು ಇಟ್ಟುಕೊಂಡೆ.

"ಮುಂದಿನ ಸಭೆ ಕೆಳಗೆ ಬೇಡ," ಎಂದರು ಅಜ್ಜ. "ಬರಲಿಕ್ಕಾಗದವನು ಎಲ್ಲಿದ್ದಾನೋ ಸಭೆ ಅಲ್ಲಿ."

"ನಮ್ಮ ಮನೆ ಬಾಗಿಲಲ್ಲಿಯಾ? ಐದನೇ ಮಾಳಿಗೆಗೆ ಎಲ್ಲರೂ ಹತ್ತಬೇಕಲ್ಲ ಮಾರಾಯ್ರೆ?" ಎಂದು ನಾನು ಅವರಿಗೆ ಕನ್ನಡದಲ್ಲೇ ಕೇಳಿದೆ. ಅರ್ಥವಾದವರಂತೆ ತಲೆಯಾಡಿಸಿದರು.

ಮೆಟ್ಟಿಲು ಹತ್ತುತ್ತಾ ನನಗೊಂದು ಯೋಚನೆ ಬಂತು, ಅದು ಮಾತ್ರ ಅಪ್ಪಟ ನಮ್ಮ ಕಡೆಯದು. ಊರಿನಲ್ಲಿ ವರ್ಷಗಟ್ಟಲೆ ಹೊಂಡ ಬಿದ್ದ ರಸ್ತೆಗೆ ಯಾವಾಗ ಡಾಂಬರು ಬೀಳುತ್ತದೆ? ಮಂತ್ರಿಗಳ ಹೆಸರು ಹಾಕಿ ಉದ್ಘಾಟನೆಯ ಆಮಂತ್ರಣ ಪತ್ರಿಕೆ ಅಚ್ಚಾದಾಗ. ಪತ್ರಿಕೆ ಹಂಚಿದ ಮೇಲೆ ಕೆಲಸ ಮುಗಿಯಲೇಬೇಕು, ಇಲ್ಲವಾದರೆ ಮುಖ್ಯ ಅತಿಥಿಯ ಮರ್ಯಾದೆ ಹೋಗುತ್ತದೆ. ಮೂರನೇ ಮಹಡಿಯಲ್ಲಿ ನಿಂತು ಬಾಗಿಲು ಬಡಿದೆ. ಅವಳು ಕೇಳಿದ ಕೂಡಲೇ, "ಕಾರ್ಡ್ ನಾನ್ ಡಿಸೈನ್ ಮಾಡ್ತೀನಿ ಆಂಟಿ, ಗೋಲ್ಡನ್ ಬಾರ್ಡರ್ ಹಾಕ್ತೀನಿ" ಎಂದಳು. ಅಜ್ಜನಿಗೆ ಹೇಳಿದಾಗ ಅವರು ಯೂನಿಯನ್ನಿನ ಅಷ್ಟು ವರ್ಷಗಳಲ್ಲಿ ಇದು ತಮಗೆ ಹೊಳೆದೇ ಇರಲಿಲ್ಲವಲ್ಲ ಎಂದು ನನ್ನ ಕೈ ಕುಲುಕಿದರು. ಮುಷ್ಕರಕ್ಕೆ ಬೈದು ಬೆಳೆದ ನನಗೆ ಅದೊಂದು ಪದವಿ ಸಿಕ್ಕಂತಾಯಿತು.

ಸಭೆಯ ದಿನ ನಮ್ಮ ಕಾರಿಡಾರಿನಲ್ಲಿ ಮನೆಮನೆಯ ಕುರ್ಚಿಗಳು ಸಾಲಾಗಿ ನಿಂತವು. ಏದುಸಿರು ಬಿಡುತ್ತಾ ಬಂದವರೆಲ್ಲ ಗೋಡೆ ಹಿಡಿದು ನಿಲ್ಲುತ್ತಿದ್ದರು, ಕಿಟಕಿಯ ಬದಿ ಕೂತ ನನ್ನ ಗಂಡನನ್ನು ತೆರೆದ ಬಾಗಿಲಿನಿಂದ ನೋಡುತ್ತಿದ್ದರು. ಎಷ್ಟೋ ಜನರಿಗೆ ಅವರು ಹೀಗಾಗಿದ್ದಾರೆಂದೇ ಗೊತ್ತಿರಲಿಲ್ಲ. ಅಜ್ಜ ಒಳಗೆ ಹೋಗಿ ಅವರ ತೋಳು ಹಿಡಿದು ಹೊರಗೆ ಕರೆತಂದು ತಮ್ಮ ಪಕ್ಕ ಕೂರಿಸಿಕೊಂಡರು.

ಮ್ಯಾನೇಜರ್ ಕೊನೆಗೆ ಬಂದ. ಮುಖ ಕೆಂಪಾಗಿತ್ತು, ಅಂಗಿ ಬೆನ್ನಿಗೆ ಅಂಟಿತ್ತು. ಅವನನ್ನು ಹತ್ತಿಸಬೇಕೆಂದೇ ನಾನು ಕಾಯುತ್ತಿದ್ದವಳು, ಆದರೂ ಒಂದು ಲೋಟ ನೀರು ಕೊಟ್ಟೆ. ಹೂವಿರಲಿಲ್ಲ, ಮೇಜಿಗೆ ಬಟ್ಟೆಯಿರಲಿಲ್ಲ. ಅವನ ಕಣ್ಣು ಸ್ವಲ್ಪ ಹುಡುಕಿತು ಅಂತ ಕಾಣುತ್ತದೆ.

ನಾನು ಹೇಳಬೇಕಾದದ್ದನ್ನೆಲ್ಲ ವಾರದಿಂದ ಬಾಯಿಪಾಠ ಮಾಡಿದ್ದೆ. ಒಳ್ಳೆಯ ಖಾರದ ಮಾತುಗಳು. ಎದ್ದು ನಿಲ್ಲುವಷ್ಟರಲ್ಲಿ ಅಜ್ಜ ಕೈ ಎತ್ತಿದರು. "ನಮ್ಮ ಪದ್ಧತಿ ಗೊತ್ತಲ್ಲ," ಎಂದು ಎಲ್ಲರಿಗೂ ಹೇಳಿ ನನ್ನ ಗಂಡನ ಕಡೆ ತಿರುಗಿದರು. "ಮೊದಲು ನೀವು."

ಎಷ್ಟೋ ವಾರಗಳಿಂದ ಬಾಯಿ ತೆರೆಯದ ಮನುಷ್ಯ. ಇಷ್ಟು ಜನರ ಎದುರು ಮಾತು ಬಾರದೆ ಹೋದರೆ ಆಮೇಲೆ ಯಾವತ್ತೂ ಪ್ರಯತ್ನಿಸಲಿಕ್ಕಿಲ್ಲ. ಅವರ ಬದಲು ನಾನೇ ಹೇಳಿಬಿಡುತ್ತೇನೆ ಎಂದು ಬಾಯಿ ತೆರೆದೆ. ಅಜ್ಜ ನನ್ನನ್ನು ನೋಡಿದ ರೀತಿಗೆ ಮುಚ್ಚಿದೆ. ನನ್ನನ್ನು ಹಾಗೆ ಸುಮ್ಮನಿರಿಸಿದವರು ಅವರೊಬ್ಬರೇ.

ನನ್ನ ಗಂಡ ಎಡಗೈಯಿಂದ ಕುರ್ಚಿ ಹಿಡಿದುಕೊಂಡರು. ತುಟಿ ಎರಡು ಮೂರು ಸಲ ಬರಿದೇ ಆಡಿತು. ನಂತರ, ನಿಧಾನ, ಊರಿನ ಕನ್ನಡದಲ್ಲಿ, ಮ್ಯಾನೇಜರನ ಮುಖ ನೋಡಿ ಹೇಳಿದರು.

"ನನಗೆ... ಕೆಳಗೆ... ಹೋಗ್ಲಿಕ್ಕುಂಟು."

ಕನ್ನಡ ಬಾರದವರಿಗೂ ಅದು ಅರ್ಥವಾಯಿತು. ಮ್ಯಾನೇಜರ್ ತಲೆ ತಗ್ಗಿಸಿದ. ನಾನು ಅಳುತ್ತಿದ್ದೆ, ಅದನ್ನು ಮುಚ್ಚಿಡುವ ಗೋಜಿಗೆ ಹೋಗಲಿಲ್ಲ. ಬೇರೆ ಯಾರೋ ಮಾತಾಡಲು ಎದ್ದರು, ಅಜ್ಜ ಬೇಡವೆಂದು ಸನ್ನೆ ಮಾಡಿದರು. ನನ್ನ ಖಾರದ ಮಾತುಗಳೆಲ್ಲ ಹಾಗೇ ಉಳಿದುವು.

ಆಗ ಮೂರನೇ ಮಹಡಿಯವಳು ಚಿನ್ನದ ಅಂಚಿನ ಕಾರ್ಡನ್ನು ಅವನ ಕೈಗಿಟ್ಟಳು. ನವೀಕೃತ ಲಿಫ್ಟಿನ ಉದ್ಘಾಟನೆ, ದಿನಾಂಕ, ಸಮಯ. ಉದ್ಘಾಟಕರ ಜಾಗದಲ್ಲಿ ಅವನ ಹೆಸರು, ದಪ್ಪ ಅಕ್ಷರದಲ್ಲಿ. ಮುಖ್ಯ ಅತಿಥಿಯಾಗಿ ಕಟ್ಟಡದ ಮಾಲೀಕರು.

"ಏನ್ ಆಂಟಿ ಇದು? ಪಾರ್ಟೇ ಇನ್ನೂ ಬಂದಿಲ್ವಲ್ಲ," ಎಂದ ಅವನು.

"ನೀವು ಫಾಲೋ ಅಪ್ ಮಾಡ್ತಾ ಇದ್ದೀರಲ್ಲ," ಎಂದೆ ನಾನು. "ಕಾರ್ಡು ಎಲ್ಲರಿಗೂ ಹೋಗಿ ಆಯ್ತು. ನಮ್ಮ ವಾರ್ಡಿನ ಕೌನ್ಸಿಲ್ ಮೇಡಮ್ ಸಹ ಬರ್ತೇನೆ ಅಂದಿದ್ದಾರೆ. ಶಾಲು ಈ ಸಲ ಆವತ್ತೇ ಹೊದಿಸುವ."

ಅವನು ಕಾರ್ಡನ್ನು ಎರಡು ಸಲ ಓದಿದ. ತನ್ನ ಹೆಸರಿನ ಮೇಲೆ ಬೆರಳಾಡಿಸಿದ. ನಾನು ನೋಡಿದ್ದೇನೆ. ದಾವಣಗೆರೆಯವನಿಗೆ ಅದರ ತೂಕ ಯಾರೂ ವಿವರಿಸಬೇಕಾಗಿರಲಿಲ್ಲ. ಆ ವಾರವೇ ನೀಲಿ ಅಂಗಿಯ ಇಬ್ಬರು ಕೆಲಸಗಾರರು ಬಂದು ಲಿಫ್ಟಿನ ಬಾಗಿಲು ಬಿಚ್ಚಿದರು. ಎಲ್ಲೂ ಸಿಗದ ಪಾರ್ಟು ಸಿಕ್ಕಿತು.

ಉದ್ಘಾಟನೆ ಕಾರ್ಡಿನಲ್ಲಿದ್ದ ದಿನವೇ ನಡೆಯಿತು. ಮಾಲೀಕರು ಬರಲಿಲ್ಲ, ಹೂಗುಚ್ಛ ಕಳಿಸಿದರು. ಕೌನ್ಸಿಲ್ ಮೇಡಮ್ ಬಂದು ಎಲ್ಲರ ಜೊತೆ ಫೋಟೋ ತೆಗೆಸಿಕೊಂಡರು. ಐದನೇ ಮಹಡಿಯಲ್ಲಿ, ನಮ್ಮ ಬಾಗಿಲ ಎದುರೇ, ಮ್ಯಾನೇಜರ್ ರಿಬ್ಬನ್ ಕತ್ತರಿಸಿದ. ಮೊದಲ ಸಲ ಹೊದಿಸಿದ್ದ ಅದೇ ಶಾಲನ್ನು ಹೊದ್ದು ಬಂದಿದ್ದ, ಹಾಗಾಗಿ ನನಗೆ ಇನ್ನೊಂದು ಖರೀದಿಸುವ ಖರ್ಚು ಉಳಿಯಬೇಕಿತ್ತು. ಆದರೆ ನಾನು ಅಜ್ಜನಿಗೆಂದು ಒಂದನ್ನು ತಂದುಬಿಟ್ಟಿದ್ದೆ. ಬಿಡಿಸಿ ಹೊದಿಸಲು ಹೋದಾಗ ಅವರು ಎರಡು ಹೆಜ್ಜೆ ಹಿಂದೆ ಸರಿದರು.

"ಬೇಡ, ಸಿನ್ಯೋರಾ. ನನ್ನ ಮನೆಯಲ್ಲಿ ಈಗಾಗಲೇ ಒಂದು ತಟ್ಟೆ ಇದೆ," ಎಂದರು.

ಅಷ್ಟರಲ್ಲಿ ಲಿಫ್ಟಿನ ಬಾಗಿಲು ತೆರೆಯಿತು. ನಾನು, ನನ್ನ ಗಂಡ, ಅಜ್ಜ ಒಳಗೆ ಹೋದೆವು. ಗುಂಡಿ ಒತ್ತಿದ್ದು ನನ್ನ ಗಂಡ, ಬಲಗೈಯ ಬೆರಳಿನಿಂದ, ಹೊತ್ತು ತೆಗೆದುಕೊಂಡು. ಇಳಿಯುವಾಗ ನನಗೆ ಹಂಚಿನ ಕಾರ್ಖಾನೆಯ ಗೇಟು ನೆನಪಾಯಿತು, ಅದರ ಹೊರಗೆ ಗುಂಪಿನ ಹಿಂದೆ ನಿಂತಿರುತ್ತಿದ್ದ ಅಪ್ಪ ನೆನಪಾದರು. ಅಷ್ಟೆಲ್ಲ ಭಾಷಣ ಮಾಡಿದವರಲ್ಲಿ ಒಬ್ಬನಾದರೂ ತಿರುಗಿ, ಮೊದಲು ನೀವು ಎಂದಿದ್ದರೆ ಅಪ್ಪ ಏನು ಹೇಳುತ್ತಿದ್ದರೋ. ಅಜ್ಜನಿಗೆ ಅದನ್ನು ಹೇಳಬೇಕೆಂದು ತಿರುಗಿದೆ.

ಬಾಗಿಲು ತೆರೆದಿತ್ತು. ಇಬ್ಬರೂ ಆಗಲೇ ಹೊರಗೆ ಕಾಲಿಟ್ಟಿದ್ದರು. ನನ್ನ ಗಂಡ ಒಂದು ಕಾಲು ಎಳೆಯುತ್ತಾ, ಅಜ್ಜ ಅವರ ಹೆಜ್ಜೆಗೆ ತಮ್ಮ ಹೆಜ್ಜೆ ನಿಧಾನಿಸುತ್ತಾ, ಬಿಸಿಲಿಗೆ ಇಳಿದು ಪಾರ್ಕಿನ ಕಡೆ ತಿರುಗಿದರು. ನನ್ನ ಗಂಡ ಏನನ್ನೋ ಹೇಳುತ್ತಿದ್ದರು, ಕೊಂಕಣಿಯಲ್ಲಿ, ಒಂದೊಂದೇ ಮಾತು. ಅಜ್ಜ ತಲೆಯಾಡಿಸಿ ಕೇಳುತ್ತಿದ್ದರು. ಸ್ಟ್ರೋಕ್ ಆದಂದಿನಿಂದ ನನ್ನ ತೋಳು ಬಿಡದಿದ್ದ ಮನುಷ್ಯ ನಾನು ಬಂದೆನೋ ಇಲ್ಲವೋ ಎಂದು ಹಿಂತಿರುಗಿ ನೋಡಲೂ ಇಲ್ಲ. ಹೊಸ ಶಾಲನ್ನು ಕೈಯಲ್ಲಿ ಹಿಡಿದು ನಾನು ಲಿಫ್ಟಿನಲ್ಲೇ ನಿಂತಿದ್ದೆ, ಖುಷಿಗೆ ಹೊರಗಿಳಿಯುವುದೇ ಮರೆತುಹೋಗಿತ್ತು.